ಸುಮಿತ್ರಾ ಅತ್ತೆಯ ಎರಡು ಕಟ್ಟು

"ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ! ಯಾರ್‍ರಿ ಟಿಕೀಟು?"

ಕಂಡಕ್ಟರ್ ರೇವವ್ವ ಗಂಟಲು ಹರಿಯುವಂತೆ ಕೂಗಿದಳು. ಬಸ್ಸು ಅಂದರೆ ಮನೆ ಮುಂದಿನ ಕಟ್ಟೆ. ಪ್ಯಾಸೆಂಜರು ಅಂದರೆ ಓಣಿಯ ಹುಡುಗರು. ಡ್ರೈವರ್ ಚಂದಪ್ಪ ಊಟದ ತಾಟು ಹಿಡಿದು ಗರಗರ ತಿರುಗಿಸುತ್ತಿದ್ದ. ಹಾರ್ನು ಅವನ ಬಾಯಲ್ಲೇ ಇತ್ತು.

ಇವತ್ತಿನ ಟಿಕೀಟುಗಳಂತೂ ಬಲು ಜೋರು! ಉದ್ದನೆಯ ಗಟ್ಟಿ ಕಾರ್ಡುಗಳು, ಮೈತುಂಬ ಸಣ್ಣ ಸಣ್ಣ ತೂತು. ಸುಮಿತ್ರಾ ಅತ್ತೆಯ ಟ್ರಂಕಿನ ಮೇಲೆ ಇಂಥವು ಎರಡು ಕಟ್ಟು ಇದ್ದವು. ಕಂಡಕ್ಟರ್ ತೂತು ಹೊಡೆದನೆಂದರೆ ಟಿಕೀಟಿನ ಕೆಲಸ ಮುಗಿಯಿತು ತಾನೇ? ಇಷ್ಟು ತೂತು ಬಿದ್ದ ಮೇಲೆ ಇವು ಪೂರಾ ರದ್ದಿಯೇ ಎಂದು ರೇವಿ ಲೆಕ್ಕ ಹಾಕಿದ್ದಳು. ಯಾರನ್ನೂ ಕೇಳುವ ಗೋಜಿಗೆ ಹೋಗಿರಲಿಲ್ಲ.

ಮೊದಲ ಕಾರ್ಡಿಗೆ ದಬ್ಬಣದಿಂದ ತನ್ನದೂ ಒಂದು ತೂತು ಚುಚ್ಚಿ ಖಾಜಾಸಾಬನಿಗೆ ಕೊಟ್ಟಳು. ಬೆರಳು ನೊಂದಿತು. ಉಳಿದವರಿಗೆಲ್ಲ ತೂತು ಚುಚ್ಚದೆ ಹಾಗೆಯೇ ಹಂಚಿದಳು.

ಅಷ್ಟರಲ್ಲಿ ಅತ್ತೆ ಅರ್ಧ ಹೆಣೆದ ಜಡೆ ಹಿಡಿದುಕೊಂಡೇ ಹೊರಗೆ ಓಡಿಬಂದಳು.

"ರೇವೀ! ನನ್ನ ಕಾರ್ಡ್ ಏನ್ ಮಾಡಿದ್ಯವಾ?"

"ತೂತ ಬಿದ್ದಿದ್ವಲ್ಲ ಅತ್ತಿ... ರದ್ದಿ ಅಂತ ತಿಳ್ಕೊಂಡೆ."

"ಅಯ್ಯ ನಮ್ಮವ್ವಾ! ತೂತ ಅದಾವಂತನ ಅವು ಕೆಲಸಕ್ಕ ಬರ್ತಾವ, ಕಂಪ್ಯೂಟರ್ ಓದೂದ ಆ ತೂತ! ನಾಳೆ ಸೊಲ್ಲಾಪುರದ ಮಿಲ್ಲಿನ್ಯಾಗ ಇವನ್ನ ಕಂಪ್ಯೂಟರಿಗೆ ಹಾಕಿ ನೋಡ್ತಾರ. ಸರಿ ಓಡಿದ್ರ ನನಗ ನೌಕರಿ. ಇಲ್ಲಂದ್ರ ಹಾದಿ ಹಿಡಿ ಅಂತಾರ."

ಅತ್ತೆ ಪುಣೆಯಲ್ಲಿ ಕಷ್ಟಪಟ್ಟು ಕಲಿತು ಮಾಡಿದ ಕೆಲಸವೆಲ್ಲ ಈ ಕಾರ್ಡುಗಳಲ್ಲಿತ್ತು. ಸಂಜೆಗೆ ಸೊಲ್ಲಾಪುರದ ಬಸ್ಸು. ರೇವಿ ತಟ್ಟನೆ ಪ್ಯಾಸೆಂಜರುಗಳ ಕಡೆ ತಿರುಗಿದಳು.

"ಎಲ್ಲಾರೂ ಇಳೀರಿ! ಟಿಕೀಟ್ ವಾಪಸ್ ಕೊಡ್ರಿ!"

"ಬಾಗೇವಾಡಿ ಇನ್ನೂ ಬಂದಿಲ್ಲ," ಎಂದ ಖಾಜಾಸಾಬ, ಕೂತಲ್ಲಿಂದ ಅಲ್ಲಾಡದೆ.

"ಬಸ್ ಪಂಚರ್ ಆಗೇತಿ! ಇಳಿಯೋ ಮಾರಾಯಾ!"

ಕಾರ್ಡುಗಳೆಲ್ಲ ವಾಪಸು ಬಂದವು. ಆದರೆ ಎರಡೂ ಕಟ್ಟು ಕಲಸಿ ಚುರುಮುರಿ ಆಗಿತ್ತು.

"ಎಲ್ಲಾ ಒಂದ ನಮೂನಿ ಕಾಣ್ತಾವಲ್ಲ. ಇದರಾಗ ಏನ್ ಫರಕು?" ಎಂದಳು ಅಜ್ಜಿ ಸಿದ್ದವ್ವ.

"ಕಂಪ್ಯೂಟರ್ ಜೋಡಿ ಮಾತಾಡೂ ಎರಡು ಭಾಷಾ, ಅವ್ವಾ. ಒಂದು ಕೋಬಾಲ್, ಇನ್ನೊಂದು ಫೋರ್ಟ್ರಾನ್. ಕೋಬಾಲ್ ಅಂದ್ರ ಗುಮಾಸ್ತನ ಮಾತು. ಇದನ್ನ ಅದಕ್ಕ ಕೂಡಸು, ಪಗಾರ ಬರಿ ಅಂತ ಬಿಡಿಸಿ ಬಿಡಿಸಿ ಹೇಳಬೇಕು. ಫೋರ್ಟ್ರಾನ್ ಗಣಿತದ ಮಾಸ್ತರಿದ್ದಂಗ. ಒಂದ ಸಾಲಿನ್ಯಾಗ ಲೆಕ್ಕ ಮುಗಿಸ್ತೈತಿ."

"ಹಂಗಾರ ಫೋರ್ಟ್ರಾನೇ ಶಾಣ್ಯಾ!" ಎಂದಳು ರೇವಿ.

ಅತ್ತೆಗೆ ಆ ಚಿಂತೆಯಲ್ಲೂ ನಗು ಬಂತು. "ನನಗೂ ಅದ ಬಾಳ ಸೇರ್ತೈತಿ. ಆದ್ರ ಅದು ಬಲ್ಲವರನ್ನ ಕರಿಯಾವ್ರು ಸಂಶೋಧನಾ ಮಾಡೋರು, ಡ್ಯಾಮ್ ಕಟ್ಟೋ ಎಂಜಿನಿಯರು. ಅಂಥಾ ನೌಕರಿ ಎಲ್ಲೋ ಒಂದು. ಕೋಬಾಲ್ ಆದ್ರ ಬ್ಯಾಂಕಿಗೂ ಬೇಕು, ವಿಮಾ ಕಂಪನಿಗೂ ಬೇಕು, ಈ ಮಿಲ್ಲಿಗೂ ಬೇಕು."

"ಗಿರಾಕಿ ಭಾಷಾ ಆಡಿದ್ರ ಮಾಲ್ ಹೋಗ್ತೈತವಾ," ಎಂದಳು ಅಜ್ಜಿ. "ಸೊಲ್ಲಾಪುರದವರು ಬಂದ್ರ ನಾ ಮರಾಠಿ ಆಡಿ ಶೇಂಗಾ ಮಾರಂಗಿಲ್ಲೇನು?"

ರೇವಿ ಐದನೆಯ ಇಯತ್ತೆ. ಎ ಬಿ ಸಿ ಡಿ ಈಗಷ್ಟೇ ಬರುತ್ತಿತ್ತು. ಕಾರ್ಡುಗಳ ಮೇಲಂಚಿನಲ್ಲಿ ಅಚ್ಚಾದ ಅಕ್ಷರಗಳನ್ನು ಅವಳು ಮೂಗು ತಾಗಿಸಿ ನೋಡಿದಳು.

"ಅತ್ತಿ, ಕೆಲವಕ್ಕ ನಂಬರ್ ಎಡಕ್ಕ ಅದಾವ, ಕೆಲವಕ್ಕ ಬಲಕ್ಕ!"

"ಶಾಬಾಸ್! ಎಡಕ್ಕಿದ್ದದ್ದು ಕೋಬಾಲ್. ನಂಬರ್ ಪ್ರಕಾರ ಜೋಡಸ್ರಿ!"

ಡ್ರೈವರ್, ಪ್ಯಾಸೆಂಜರ್ ಎಲ್ಲರೂ ಕಟ್ಟೆಯ ಮೇಲೆ ಬೋರಲು ಬಿದ್ದರು. "ಇದರ ಮುಂದಿಂದು ಯಾರ ಕಡೆ ಐತಿ?" ಎಂದು ಒಂದೇ ಗದ್ದಲ.

ಆಗ ದಬ್ಬಣದ ತೂತಿನ ಕಾರ್ಡು ರೇವಿಯ ಕೈಗೆ ಬಂತು. ನಂಬರು ಎಡಕ್ಕೇ ಇತ್ತು. ಯಾರೂ ನೋಡಲಿಲ್ಲ. ಅವಳು ಅದನ್ನು ಗಪ್‌ಚುಪ್ ಅದರ ಜಾಗಕ್ಕೆ ತೂರಿಸಿದಳು.

ಅತ್ತೆ ಕೋಬಾಲ್ ಕಟ್ಟಿಗೆ ರಬ್ಬರ್ ಹಾಕಿ ಚೀಲದಲ್ಲಿಟ್ಟಳು. ಫೋರ್ಟ್ರಾನ್ ಕಟ್ಟನ್ನು ಸೆರಗಿನಿಂದ ಒರೆಸಿದಳು, ಒಂದು ಗಳಿಗೆ ಕೈಯಲ್ಲೇ ಹಿಡಿದು ನಿಂತಳು, ಆಮೇಲೆ ಟ್ರಂಕಿನೊಳಗೆ ಇಟ್ಟಳು.

ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯುದ್ದಕ್ಕೂ ರೇವಿ ಅತ್ತೆಯ ಚೀಲವನ್ನೇ ನೋಡುತ್ತ ನಡೆದಳು. ಸಣ್ಣ ತೂತು, ಕಂಪ್ಯೂಟರಿಗೆ ಕಾಣಲಿಕ್ಕಿಲ್ಲ. ಕಂಡರೆ? ಅತ್ತೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಅತ್ತೀ, ನಿಂದ್ರು!" ರೇವಿ ಅಳುತ್ತ ಎಲ್ಲ ಹೇಳಿಬಿಟ್ಟಳು.

ಅತ್ತೆ ಕಟ್ಟು ಬಿಚ್ಚಿ ಆ ಕಾರ್ಡನ್ನು ಹುಡುಕಿ ಬೆಳಕಿಗೆ ಹಿಡಿದಳು. ರೇವಿಯ ಕಿವಿ ಹಿಂಡಿದಳು. ನೋಯುವಂತೆಯೇ ಹಿಂಡಿದಳು.

"ಮೊದಲ ಹೇಳಾಕ ಏನಾಗಿತ್ತ ನಿನಗ?" ಎಂದವಳು ಉಸಿರುಬಿಟ್ಟಳು. "ಇರ್ಲಿ. ಅಕ್ಷರ ಕಾಣ್ತಾವ. ಮಿಲ್ಲಿನ್ಯಾಗ ತೂತು ಹೊಡಿಯೋ ಮಷೀನ್ ಇರ್ತೈತಿ, ಅವನ್ನ ನೋಡಿ ಹೊಸಾ ಕಾರ್ಡ್ ಹೊಡಕೊಂತೇನಿ. ನೀ ಹೇಳದಿದ್ರ ನಾಳೆ ಅವರ ಮುಂದ ಬಾಯಿ ಬಾಯಿ ಬಿಡಬೇಕಾಗಿತ್ತು."

ಎರಡು ದಿನ ಬಿಟ್ಟು ಅತ್ತೆ ಪೇಡೆ ತಂದಳು. ನೌಕರಿ ಸಿಕ್ಕಿತ್ತು! ಓಣಿಯೆಲ್ಲ ಬಾಯಿ ಸಿಹಿ ಮಾಡಿಕೊಂಡಿತು.

ಖಾಜಾಸಾಬ ಬೆರಳು ಚೀಪುತ್ತ ಟ್ರಂಕಿನ ಕಡೆ ನೋಡಿದ. "ಕೋಬಾಲಿಗೆ ನೌಕರಿ ಸಿಕ್ತಲ್ಲ? ಆ ಇನ್ನೊಂದು ಕಟ್ಟು ಈಗ ಯಾರಿಗೂ ಬ್ಯಾಡ. ಅದನ್ನರ ಕೊಡು, ಟಿಕೀಟ್ ಮಾಡೂಣು."

ರೇವಿ ಟ್ರಂಕಿನ ಮೇಲೆ ಹೋಗಿ ಕೂತುಬಿಟ್ಟಳು.

"ಅದು ಬ್ಯಾಡ. ಅದರಾಗ ನಮ್ಮತ್ತಿ ಮಾತು ಐತಿ."

"ಯಾರಿಗೆ ಹೇಳೂ ಮಾತು?"

ನಗುತ್ತ ಪೇಡೆ ಹಂಚುತ್ತಿದ್ದ ಅತ್ತೆಯನ್ನು ರೇವಿ ನೋಡಿದಳು.

"ಡ್ಯಾಮ್ ಕಟ್ಟೋರು ಇನ್ನೂ ಕರದಿಲ್ಲಲ್ಲ," ಎಂದಳು ಮೆಲ್ಲಗೆ, "ಅವರಿಗೆ."