ಟ್ರ್ಯಾಕ್ಟರ್ ಅಳತೆಯ ಹಾರ

“ನಿಂಬೆಹಣ್ಣು ಎಲ್ಲಿಗಿಡಾದು?” ಎಂದು ದೊಡ್ಡಸಿದ್ದಯ್ಯ ಕೇಳಿದರು.

ಕೊಪ್ಪದ ಶಾಲೆಯ ಮೈದಾನದಲ್ಲಿ ನಿಂತಿದ್ದ ಯಾರಿಗೂ ಉತ್ತರ ಹೊಳೆಯಲಿಲ್ಲ. ಪ್ರಶ್ನೆ ನಿಜಕ್ಕೂ ಕಷ್ಟದ್ದೇ. ಟ್ರ್ಯಾಕ್ಟರ್ ಆಗಿದ್ದರೆ ಚಕ್ರದ ಕೆಳಗೆ ಇಡಬಹುದಿತ್ತು. ಬೈಕಾದರೂ ಅಷ್ಟೆ. ಆದರೆ ಈ ರಾಕೆಟ್ಟಿಗೆ ಚಕ್ರವೇ ಇರಲಿಲ್ಲ.

“ನಿಂಬೆಹಣ್ಣು ಬ್ಯಾಡ ತಾತ,” ಎಂದಳು ಗಗನ. ಆರನೇ ಕ್ಲಾಸಿನ ಗಗನ ಆ ರಾಕೆಟ್ಟಿನ ಇಬ್ಬರು ಎಂಜಿನಿಯರುಗಳಲ್ಲಿ ಒಬ್ಬಳು. ಹಾಗಾಗಿ ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ಸುಮ್ಕಿರಮ್ಮಿ! ನಿಂಬೆಹಣ್ಣಿಲ್ದೆ ಯಾರಾದ್ರೂ ಹೊಸ ಗಾಡಿ ಎತ್ತಾರಾ? ದೃಷ್ಟಿ ಆಯ್ತದೆ,” ಎಂದರು ದೊಡ್ಡಸಿದ್ದಯ್ಯ. ಅವರು ಶಾಲಾ ಸಮಿತಿಯ ಅಧ್ಯಕ್ಷರು. ಗರಿಗರಿ ಇಸ್ತ್ರಿಯ ಬಿಳಿ ಪಂಚೆ ಉಟ್ಟು, ವಿಜ್ಞಾನ ಉದ್ಧಾರ ಮಾಡಲೆಂದೇ ಬಂದಿದ್ದರು. ಕೊನೆಗೆ ಅವರೇ ಒಂದು ಉಪಾಯ ಹುಡುಕಿ, ನಿಂಬೆಹಣ್ಣು ಮೆಣಸಿನಕಾಯಿಯನ್ನು ದಾರದಲ್ಲಿ ಪೋಣಿಸಿ ರಾಕೆಟ್ಟಿನ ಮೂಗಿಗೆ ಕಟ್ಟಿದರು. ಎಲ್ಲರೂ ತಲೆಯಾಡಿಸಿದರು.

ಆ ರಾಕೆಟ್ ಅಷ್ಟು ದೊಡ್ಡದೇನಲ್ಲ. ಕಲ್ಯಾಣ ಮಂಟಪದ ಹಿಂದೆ ಬಿದ್ದಿದ್ದ ಎರಡು ಲೀಟರಿನ ಜ್ಯೂಸ್ ಬಾಟಲಿ ಅದರ ಹೊಟ್ಟೆ. ಒಡೆದ ಬಕೆಟ್ಟಿನ ಚೂರುಗಳು ಅದರ ರೆಕ್ಕೆ. ಬಾಯಿಗೊಂದು ರಬ್ಬರ್ ಬಿರಡೆ, ಬಿರಡೆಯೊಳಗೆ ಹಳೇ ಟ್ಯೂಬಿನಿಂದ ಕಿತ್ತ ವಾಲ್ವ್. ಬಾಟಲಿಯಲ್ಲಿ ಸ್ವಲ್ಪ ನೀರು ತುಂಬಿ, ತಲೆಕೆಳಗಾಗಿ ನಿಲ್ಲಿಸಿ, ಪಂಪಿನಿಂದ ಗಾಳಿ ಹೊಡೆಯಬೇಕು. ಗಾಳಿ ಒಳಗೆ ಹಿಡಿಸದಷ್ಟಾದಾಗ ಬಿರಡೆ ಕಿತ್ತುಬಂದು, ನೀರು ಕೆಳಕ್ಕೆ ಚಿಮ್ಮಿ, ಬಾಟಲಿ ಮೇಲಕ್ಕೆ ಹೋಗಬೇಕು.

ಬಿರಡೆ, ವಾಲ್ವ್, ಕಾಲಲ್ಲಿ ತುಳಿಯುವ ಪಂಪು ಮೂರನ್ನೂ ತಂದವಳು ಇನ್ನೊಬ್ಬ ಎಂಜಿನಿಯರ್ ಜಾಕಿಯಾ. ಬಸ್ ಸ್ಟ್ಯಾಂಡಿನ ಹತ್ತಿರ ಬೈಕ್ ಗ್ಯಾರೇಜು ಇಟ್ಟಿರುವ ಮಕ್ಸೂದರ ಮಗಳು, ಗಗನಳ ಪಕ್ಕದ ಬೆಂಚಿನವಳು.

ಗುಜರಿ ಸಾಮಾನಿನಲ್ಲಿ ರಾಕೆಟ್ ಮಾಡಲು ಆಗುತ್ತದೆಯೇ ಎಂಬುದು ಒಂದು ವಾರದಿಂದ ಹಾಲಿನ ಡೈರಿಯ ಮುಂದೆ ದೊಡ್ಡ ಚರ್ಚೆಯಾಗಿತ್ತು. ಕ್ಯಾನು ಹಿಡಿದು ನಿಂತವರೆಲ್ಲ ರಾತ್ರೋರಾತ್ರಿ ವಿಜ್ಞಾನಿಗಳಾಗಿದ್ದರು. “ಅದ್ಕೆಲ್ಲ ಪೆಟ್ರೋಲು ಬೇಕು ಕಣ್ಲಾ,” ಎಂದರು ಒಬ್ಬರು. “ನನ್ ಮೊಪೆಡ್ಡೂ ಗುಜರೀನೇ, ದಿನಾ ಮದ್ದೂರ್ಗೆ ಓಗಿ ಬತ್ತಾ ಇಲ್ವಾ?” ಎಂದರು ಇನ್ನೊಬ್ಬರು. ಚರ್ಚೆ ಅಲ್ಲಿಗೇ ನಿಂತಿತು, ಏಕೆಂದರೆ ಹಾಲಿನ ಲಾರಿ ಬಂತು.

ವಿಜ್ಞಾನದ ಶಶಿರೇಖಾ ಮಿಸ್ ಮಾತ್ರ ಜಾಣರು. “ಹಾರಿದರೆ ಮದ್ದೂರಿನ ಎಕ್ಸಿಬಿಷನ್ನಿಗೆ ನೀವೇ ಹೋಗಿ. ಹಾರದಿದ್ದರೆ ಥರ್ಮಾಕೋಲ್ ಜ್ವಾಲಾಮುಖಿ ಇದ್ದೇ ಇದೆ,” ಎಂದಿದ್ದರು. ಆ ಜ್ವಾಲಾಮುಖಿ ನಾಲ್ಕು ವರ್ಷದಿಂದ ಪ್ರತಿ ಸಲವೂ ಮದ್ದೂರಿಗೆ ಹೋಗಿ ಬರುತ್ತಿತ್ತು. ಪಾಪ, ಅದಕ್ಕೂ ಸುಸ್ತಾಗಿತ್ತು.

ಹಿಂದಿನ ದಿನ ಗಗನಳ ಮನೆಯ ಹಿತ್ತಲಲ್ಲಿ ರಾಕೆಟ್ ತೆಂಗಿನ ಮರದ ಗರಿ ದಾಟಿ ಹೋಗಿತ್ತು. ಅದನ್ನು ನೋಡಿದವರು ಗಗನ, ಜಾಕಿಯಾ ಮತ್ತು ಎರಡು ಎಮ್ಮೆಗಳು. ಎಮ್ಮೆಗಳು ಸಾಕ್ಷಿ ಹೇಳುವುದಿಲ್ಲವಲ್ಲ.

ಇವತ್ತು ಇಡೀ ಶಾಲೆಯ ಮುಂದೆ ಹಾರಿಸಬೇಕು. ಆದರೆ ಪೂಜೆ ಇನ್ನೂ ಮುಗಿದಿರಲಿಲ್ಲ. ಕುಂಕುಮವಾಯಿತು, ವಿಭೂತಿಯಾಯಿತು, ಕಾಯಿ ಒಡೆದದ್ದೂ ಆಯಿತು. ಅಷ್ಟರಲ್ಲಿ ಗಗನಳ ಅಜ್ಜಿ ಪುಟ್ಟಮಾದಮ್ಮ ಬುಟ್ಟಿಯೊಳಗಿಂದ ಚೆಂಡು ಹೂವಿನ ಹಾರ ತೆಗೆದಳು. ತೆಗೆದಳು, ತೆಗೆದಳು, ತೆಗೆಯುತ್ತಲೇ ಇದ್ದಳು. ಅಜ್ಜಿ ಹುಟ್ಟಿದಾಗಿನಿಂದ ಟ್ರ್ಯಾಕ್ಟರಿಗೆ, ಎತ್ತಿನ ಗಾಡಿಗೆ ಹಾರ ಕಟ್ಟಿದವಳು. ರಾಕೆಟ್ಟಿನ ಅಳತೆ ಅವಳಿಗೆ ಯಾರು ಕೊಟ್ಟಿದ್ದರು? ಹಾರ ಬಾಟಲಿಯನ್ನು ಐದು ಸುತ್ತು ಸುತ್ತಿ, ಒಂದು ಪಕ್ಕಕ್ಕೆ ಜೋತುಬಿತ್ತು. ರಾಕೆಟ್ ಹೋಗಿ ಮದುಮಗನಾಯಿತು.

“ಲೇ, ಭಾರ ಆಯ್ತದೆ ಕಣೇ,” ಎಂದು ಜಾಕಿಯಾ ಪಿಸುಗುಟ್ಟಿದಳು.

ಅದು ಗಗನಳಿಗೂ ಗೊತ್ತಿತ್ತು. ಆದರೆ ಅಜ್ಜಿ ಕೋಳಿ ಕೂಗುವ ಮುಂಚೆಯೇ ಎದ್ದು, ಮಂಜುಗಣ್ಣಿನಲ್ಲಿ ಸೂಜಿಗೆ ದಾರ ಪೋಣಿಸಲು ಒದ್ದಾಡಿದ್ದನ್ನು ಅವಳು ನೋಡಿದ್ದಳು.

ಜಾಕಿಯಾ ಪಂಪು ತುಳಿದಳು. ಟಪ್ ಎಂದು ಬಿರಡೆ ಕಿತ್ತುಬಂತು. ರಾಕೆಟ್ ಮೊಣಕಾಲೆತ್ತರಕ್ಕೆ ಎದ್ದು, ಹಾರದ ಭಾರಕ್ಕೆ ಪಕ್ಕಕ್ಕೆ ವಾಲಿ, ಅಧ್ಯಕ್ಷರ ಕಡೆಗೇ ನುಗ್ಗಿತು. ದೊಡ್ಡಸಿದ್ದಯ್ಯ “ಅಯ್ಯಯ್ಯೋ!” ಎಂದು ಎಗರಿದರು. ಆ ವಯಸ್ಸಿನಲ್ಲಿ ಅಷ್ಟು ಎತ್ತರ ಎಗರಿದ್ದನ್ನು ಮೆಚ್ಚಲೇಬೇಕು. ಅವರ ಪಂಚೆ ತೊಪ್ಪೆಯಾಯಿತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಕಾರಣಗಳು ಶುರುವಾದವು. ರಾಹುಕಾಲ ಎಂದರು ಒಬ್ಬರು. ತೆಂಕಲ ದಿಕ್ಕಿಗೆ ಮುಖ ಮಾಡಿದ್ದು ತಪ್ಪು ಎಂದರು ಮತ್ತೊಬ್ಬರು. ದೊಡ್ಡಸಿದ್ದಯ್ಯ ಪಂಚೆ ಹಿಂಡುತ್ತಾ ಸುತ್ತ ನೋಡಿದರು. ಅವರ ಕಣ್ಣು ಜಾಕಿಯಾಳ ಮೇಲೆ ನಿಂತಿತು.

“ಪಂಪೇ ಸರಿ ಇಲ್ಲ ಕಣ್ರಯ್ಯಾ. ಗ್ಯಾರೇಜಿನ ಓಬಿರಾಯನ ಕಾಲದ ಪಂಪು ತಂದವ್ಳೆ. ಇದ್ರಲ್ಲಿ ರಾಕೆಟ್ಟು ಎದ್ದಾತಾ?”

“ಹೌದೌದು, ಪಂಪಿಂದೇ ತಪ್ಪು,” ಎಂದು ನಾಲ್ಕು ಜನ ಕೂಡಲೇ ಒಪ್ಪಿದರು. ಯಾರಿಗೂ ನೋವಾಗದ ಕಾರಣ ಸಿಕ್ಕಿತ್ತು. ಜಾಕಿಯಾಳೊಬ್ಬಳನ್ನು ಬಿಟ್ಟು.

ಜಾಕಿಯಾ ಗಗನಳನ್ನೇ ನೋಡಿದಳು. “ನೆನ್ನೆ ಸರೀಗೇ ಇತ್ತಲ್ಲ, ಹೇಳೇ.”

ಗಗನ ನೆಲ ನೋಡಿದಳು. ಬೆಂಚಿನ ಮೇಲೆ ಕೂತಿದ್ದ ಅಜ್ಜಿಯನ್ನು ನೋಡಿದಳು. ಮತ್ತೆ ನೆಲ ನೋಡಿದಳು. ನೆಲವೇನೂ ಸಹಾಯ ಮಾಡಲಿಲ್ಲ.

ಜಾಕಿಯಾ ಪಂಪಿನ ಪೈಪು ಸುತ್ತತೊಡಗಿದಳು. ಅವಳ ಮೂಗು ಕೆಂಪಾಗಿತ್ತು. ಶಶಿರೇಖಾ ಮಿಸ್ ಜ್ವಾಲಾಮುಖಿಯ ಧೂಳು ಒರೆಸಲು ಬಟ್ಟೆ ಹುಡುಕುತ್ತಿದ್ದರು.

“ಪಂಪು ಸರೀಗದೆ!” ಎಂದಳು ಗಗನ. ದನಿ ಅವಳಂದುಕೊಂಡದ್ದಕ್ಕಿಂತ ಜೋರಾಗಿ ಬಂತು. “ಹಾರ ಭಾರ ಆಯ್ತು. ಅದ್ಕೇ ಬಿತ್ತು.”

ಎಲ್ಲರೂ ಅವಳತ್ತ ತಿರುಗಿದರು. ದೇವರಿಗೆಂದು ಹಾಕಿದ ಹೂವನ್ನು ಭಾರ ಎನ್ನುವುದೇ? ಗಗನ ಹಾರ ಬಿಚ್ಚಿದಳು. ನಿಂಬೆಹಣ್ಣನ್ನೂ ಬಿಚ್ಚಿದಳು. ಹಾರ ತಂದು ಅಜ್ಜಿಯ ಮಡಿಲಿಗೆ ಇಟ್ಟಳು. ಅಜ್ಜಿ ಅದನ್ನು ಮೆಲ್ಲಗೆ ಬುಟ್ಟಿಯೊಳಕ್ಕೆ ಇಳಿಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಇನ್ನೊಂದೇ ಸಲ ಮಿಸ್,” ಎಂದಳು ಗಗನ. ಮಿಸ್ ಎಲ್ಲರನ್ನೂ ಹಿಂದಕ್ಕೆ ಸರಿಸಿದರು. ದೊಡ್ಡಸಿದ್ದಯ್ಯ ಹೇಳಿಸಿಕೊಳ್ಳದೆಯೇ ಬಾವುಟದ ಕಂಬದ ಹಿಂದಕ್ಕೆ ಹೋಗಿದ್ದರು.

ಜಾಕಿಯಾ ಕಣ್ಣೊರೆಸಿಕೊಂಡು, ಬಾಟಲಿಗೆ ಮತ್ತೆ ನೀರು ತುಂಬಿ, ಪಂಪು ತುಳಿದಳು. ಟಪ್! ರಾಕೆಟ್ ನೆಟ್ಟಗೆ, ಶಾಲೆಯ ಹೆಂಚು ದಾಟಿ, ಬೇವಿನ ಮರ ದಾಟಿ ಮೇಲೆ ಹೋಯಿತು. ಮೇಲೆ ಹೋಗಿ ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ಮೈದಾನದ ಆಚೆ ತುದಿಯಲ್ಲಿ ಬಿತ್ತು. ಮಕ್ಕಳು ಕಿರುಚಿಕೊಂಡು ಓಡಿದರು.

“ನಾನೇಳ್ಲಿಲ್ವಾ? ಪೂಜೆ ಮಾಡಿದ್ದು ಸುಮ್ಕೆ ಓದಾತಾ?” ಎಂದರು ದೊಡ್ಡಸಿದ್ದಯ್ಯ, ಕಂಬದ ಹಿಂದಿನಿಂದ ಬಂದು.

“ಮದ್ದೂರಿಗೆ ನೀವೇ,” ಎಂದರು ಮಿಸ್. ಜಾಕಿಯಾ ಗಗನಳನ್ನು ಅಪ್ಪಿಕೊಂಡು ಕುಣಿದಳು. ಗಗನಳಿಗೂ ಕುಣಿಯುವಷ್ಟು ಖುಷಿಯಾಗಿತ್ತು. ಕುಣಿಯುತ್ತಲೇ ಅವಳು ಬೆಂಚಿನ ಕಡೆ ತಿರುಗಿದಳು. ಬೆಂಚು ಖಾಲಿ ಇತ್ತು.

“ನೀನು ಹಾರ ಕೊಟ್ಟ ತಕ್ಷಣ್ವೇ ಎದ್ದೋದ್ರು,” ಎಂದಳು ಜಾಕಿಯಾ.

ಸಂಜೆ ಅಜ್ಜಿ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಗಗನ ಪಕ್ಕದಲ್ಲಿ ಕೂತಳು.

“ನಾವೇ ಮದ್ದೂರ್ಗೆ ಓಯ್ತೀವಿ ಅಜ್ಜಿ.”

“ಓಗು.”

ಗಗನ ತಾನೂ ಒಂದು ಹಿಡಿ ಸೊಪ್ಪು ಎತ್ತಿಕೊಂಡಳು.

“ಎಷ್ಟೆತ್ತರ ಓಯ್ತು?” ಎಂದಳು ಅಜ್ಜಿ, ತಲೆ ಎತ್ತದೆ.

“ಬೇವಿನ ಮರಕ್ಕಿಂತ ಮೇಲೆ. ನೀನ್ಯಾಕೆ ನೋಡ್ದೆ ಬಂದ್ಬುಟ್ಟೆ?”

“ನಾನ್ಯಾಕೆ ನೋಡ್ಲಿ? ಅದು ಬೀಳ್ದೆ ಇರ್ಲಿ ಅಂತ ಬೇಡ್ಕೊಂಡು ಬೇಡ್ಕೊಂಡು ಕಟ್ಟಿದ್ನಲ್ಲ ಕಣಮ್ಮಿ. ನನ್ ಹೂವಿಂದ್ಲೇ ಬಿತ್ತು ಅಂದ್ರೆ ಯಾವ ಮೊಕ ಇಟ್ಕೊಂಡು ಕೂರ್ಲಿ?”

ಗಗನ ಹೇಳಿದ್ದು ನಿಜ. ಹೇಳದಿದ್ದರೆ ಜಾಕಿಯಾ ಅಳುತ್ತಾ ಮನೆಗೆ ಹೋಗುತ್ತಿದ್ದಳು. ಅದೂ ನಿಜ. ಆದರೂ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಅವಳು ಎದ್ದು ಗ್ಯಾರೇಜಿಗೆ ಓಡಿದಳು.

“ಪಂಪು ತತ್ತಾ ಅಂದ್ರೆ, ಈಗ್ಲಾ?” ಎಂದಳು ಜಾಕಿಯಾ. ಆದರೆ ಚಪ್ಪಲಿ ಆಗಲೇ ಹಾಕಿಕೊಳ್ಳುತ್ತಿದ್ದಳು.

ಹಿತ್ತಲಿನಲ್ಲಿ ರಾಕೆಟ್ ನಿಲ್ಲಿಸಿ, ಪೈಪು ಉದ್ದಕ್ಕೆ ಎಳೆದು, ಇಬ್ಬರೂ ಅಜ್ಜಿಯ ಕೈ ಹಿಡಿದು ಕರೆತಂದರು.

“ತುಳಿ ಅಜ್ಜಿ,” ಎಂದಳು ಗಗನ.

“ನಾನಾ? ಈ ಮಂಡಿನೋವ್ನಲ್ಲಾ? ಬುಡ್ರೇ ಅತ್ಲಾಗೆ!”

“ನಾನು ಹಿಡ್ಕೊತೀನಿ ಬುಡಿ ಅಜ್ಜಿ,” ಎಂದು ಜಾಕಿಯಾ ಅವಳ ಭುಜ ಹಿಡಿದುಕೊಂಡಳು.

ಅಜ್ಜಿ ಒಲ್ಲೆ ಒಲ್ಲೆ ಎನ್ನುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಸಲ ತುಳಿದಳು. ಇನ್ನೊಂದು ಸಲ ತುಳಿದಳು. ಆಮೇಲೆ ಒಲ್ಲೆ ಎನ್ನುವುದನ್ನು ಮರೆತು, ಹಲ್ಲು ಕಚ್ಚಿ ತುಳಿದಳು. ಟಪ್! ಎಮ್ಮೆಗಳು ಬೆದರಿ ಹಗ್ಗ ಜಗ್ಗಿದವು. ಮೂವರ ಮೇಲೂ ನೀರಿನ ಹನಿ ಬಿತ್ತು.

“ಅಗಳಪ್ಪಾ!” ಎಂದಳು ಅಜ್ಜಿ. ಕತ್ತು ಹಿಂದಕ್ಕೆ ಬಾಗಿಸಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಬಾಯಿ ತೆರೆದು ನಿಂತುಬಿಟ್ಟಳು.

“ಎಷ್ಟೆತ್ತರ ಓಯ್ತು ನೋಡ್ದೇನೇ?” ಎಂದು ಜಾಕಿಯಾ ಕೂಗಿದಳು.

ಗಗನ ನೋಡಿರಲಿಲ್ಲ. ಅವಳು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.