ಬೀರಪ್ಪನ ಕಂಬಳಿ

"ಕಂಬಳಿ ತಗೊಂಡ್ರೇನ್ರಿ?" ಒಲೆಯ ಮುಂದಿನಿಂದಲೇ ಅಮ್ಮಾ ಇಮಾಮಬಿ ಕೇಳಿದಳು.

"ಹೂಂ," ಅಂದರು ಅಬ್ಬಾ.

ತಗೊಂಡಿರಲಿಲ್ಲ. ಕಂಬಳಿ ಗೂಟದ ಮೇಲೇ ಇತ್ತು. ಮಗಳು ಗುಲ್ಜಾರಬಿಗೆ ಅದು ಕಾಣುತ್ತಿತ್ತು.

ಫಕ್ರುಚಾಚಾ ತೀರಿಕೊಂಡ ಮೇಲೆ ಮನೆಯಲ್ಲಿ ಒಲೆ ಹೊತ್ತಿಸಿದ್ದು ಅವತ್ತೇ. ಅಲ್ಲಿಯವರೆಗೆ ಕಮರಿಪೇಟೆಯ ಓಣಿಯವರು ಊಟ ತಂದುಕೊಡುತ್ತಿದ್ದರು. ನಿನ್ನೆ ಮೂರನೇ ದಿನದ ಜಿಯಾರತ್ ಮುಗಿದಿತ್ತು. ಬಂದವರೆಲ್ಲ ಹೋಗಿದ್ದರು. ಅಮ್ಮಾ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದಳು. ಅಬ್ಬಾ ಎಂದಿನಂತೆ ಸಾಮಾನು ಕಟ್ಟುತ್ತಿದ್ದರು. ತಾಟು ಮಾತ್ರ ಒಂದು ಕಡಿಮೆ.

ಅಬ್ಬಾ ಮತ್ತು ಅವರ ತಮ್ಮ ಫಕ್ರುಚಾಚಾ ಹಳ್ಳಿಗಳಿಗೆ ಹೋಗಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಚಾಚಾ ತಿದಿ ಒತ್ತಿ ಬೆಂಕಿಗೆ ಗಾಳಿ ಊದುವುದು, ಅಬ್ಬಾ ಕಾದ ಪಾತ್ರೆಗೆ ತವರ ಬಳಿಯುವುದು. ಒಬ್ಬರಿಂದ ಆಗುವ ಕೆಲಸವಲ್ಲ. ಶಾಲೆಗೆ ರಜೆ ಇತ್ತು. ಅದಕ್ಕೇ ಗುಲ್ಜಾರ ಹೊರಟಳು.

ಅಮ್ಮಾ ಕಂಬಳಿಯನ್ನು ಅವಳ ಹೆಗಲಿಗೆ ಹಾಕಿದಳು. "ಹೋದ ಸಲ ಮಳಿ ಬಂದಾಗ ಶಿರಗುಪ್ಪಿ ಬೀರಪ್ಪ ನಿಮ್ಮ ಚಾಚಾಗ ಕೊಟ್ಟಿದ್ದು. ಇಸ್ಕೊಂಡಿದ್ದನ್ನ ಹಂಗ ಇಟ್ಕೊಂಡ್ರ ಹೋದಾಂವಗ ಭಾರ. ನೀ ಕೊಡು. ಏನಾತು ಅಂತ ಅಬ್ಬಾ ಹೇಳ್ತಾರ."

"ಹೂಂ," ಅಂದರು ಅಬ್ಬಾ.

ಆ ವಾರ ಅವರು ಆಡಿದ್ದು ಹೆಚ್ಚುಕಡಿಮೆ ಅದೊಂದೇ ಮಾತು. ಅತ್ತೂ ಇರಲಿಲ್ಲ. 'ಗೌಸಮೊದ್ದೀನ ಗಟ್ಟಿ ಮನಶ್ಯಾ' ಎಂದು ಓಣಿಯ ಗಂಡಸರು ಮೆಚ್ಚಿಕೊಂಡಿದ್ದರು.

ಶಿರಗುಪ್ಪಿಯಲ್ಲಿ ಬೇವಿನ ಮರದ ಕೆಳಗೆ ಕುಣಿ ತೋಡಿ ಬೆಂಕಿ ಹಾಕಿದರು. ಒಬ್ಬಾಕೆ ಹಿತ್ತಾಳೆಯ ತಾಬಾಣ ತಂದಳು.

"ತಮ್ಮ ಎಲ್ಲಿ, ಗೌಸಣ್ಣಾ?"

"ಗದಗಿಗಿ ಹೋಗ್ಯಾನ್ರಿ."

ಗುಲ್ಜಾರಳ ಕೈ ತಿದಿಯ ಮೇಲೆ ನಿಂತಿತು.

"ಊದು," ಅಂದರು ಅಬ್ಬಾ. ಊದಿದಳು.

ಆಮೇಲೆ ಕೊಡ ಹೊತ್ತು ಒಬ್ಬ ಅಜ್ಜಿ ಬಂದಳು. ಸುದ್ದಿ ಆಗಲೇ ಅವಳ ಕಿವಿಗೆ ಬಿದ್ದಿತ್ತು. "ಗದಗಿನ್ಯಾಗ ಏನ ಮಾಡ್ತಾನೋ ಅವಾ?"

"ನೌಕರಿ ಸಿಕ್ಕೈತ್ರಿ. ರೈಲ್ವೆದಾಗ."

"ಅಯ್ಯ! ತಿದಿ ಊದಾಂವ ಇಂಜಿನ್ನಿಗಿ ಊದಾಕ ಹ್ವಾದ್ನ! ಹಂಗಾದ್ರ ಲಗೂನ ಲಗ್ನಾ ಮಾಡಪಾ."

"ಮಾಡೂಣ್ರಿ."

ಮಧ್ಯಾಹ್ನದೊಳಗೆ ಫಕ್ರುಚಾಚಾನಿಗೆ ಸಂಬಳ, ಟೋಪಿ, ಇರಲು ಕ್ವಾರ್ಟರ್ಸು ಎಲ್ಲ ಸಿಕ್ಕಿತು. ಒಬ್ಬಾಕೆ ಅವನಿಗೆಂದು ಶೇಂಗಾ ಕಟ್ಟಿಕೊಟ್ಟಳು. ಅಬ್ಬಾ ಅದನ್ನು ಗಂಟಿನಲ್ಲಿಟ್ಟರು.

"ಅಬ್ಬಾ, ಸುಳ್ಳ ಯಾಕ ಹೇಳಾಕತ್ತೀರಿ?" ಗುಲ್ಜಾರ ಪಿಸುಗುಟ್ಟಿದಳು.

"ಊದು."

ಅವರು ಕಾದ ತಾಬಾಣಕ್ಕೆ ನವಸಾಗರದ ಪುಡಿ ಎರಚಿದರು. ಬಿಳೀ ಹೊಗೆ ಎದ್ದಿತು. ಅದರೊಳಗೇ ಮುಖ ಬಗ್ಗಿಸಿ ಅರಳೆಯಿಂದ ಒರೆಸಿದರು.

"ಇದಕ್ಕ ಆಗಲೇ ಆಗೇತಲ್ರಿ, ಅಬ್ಬಾ. ಕನ್ನಡಿ ಹಂಗ ಹೊಳಿಯಾಕತ್ತೇತಿ."

"ಇನ್ನೊಂದ ಕೈ ಆಗ್ಲಿ."

ಕಲಾಯಿಯವರ ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆಂದು ಕೇಳುವುದಿಲ್ಲ. ಹೊಗೆ ಇರುತ್ತದಲ್ಲ. ಆದರೆ ಹೊಗೆ ಹೋದ ಮೇಲೂ ಅಬ್ಬಾನ ಕಣ್ಣು ಸೋರುತ್ತಿತ್ತು. ಗುಲ್ಜಾರ ನೋಡಿದಳು. ಅಬ್ಬಾ ಮತ್ತೆ ಪುಡಿ ಎರಚಿದರು.

ಅಷ್ಟರಲ್ಲಿ ಕುರಿಗಳ ಹಿಂದೆ ಬೀರಪ್ಪ ಬಂದ. ಗುಲ್ಜಾರ ಕಂಬಳಿ ಚಾಚಿದಳು.

"ನಾ ಒಲ್ಲೆವಾ," ಅಂದ ಬೀರಪ್ಪ. "ಒಯ್ದಾಂವ ಬಂದು ಕೊಡ್ಲಿ. ನೌಕರಿದಾರ ಆಗ್ಯಾನಂತ, ಒಂದ ಮಾತ ಹೇಳಿ ಹೋಗಾಕ ಬರ್ತಿದ್ದಿಲ್ಲೇನ ಅವಂಗ? ನಾಳೆ ಕುರಿ ಮಾರಾಕ ಗದಗಿಗಿ ಹೊಂಟೇನಿ. ಸ್ಟೇಷನ್ನಿನ್ಯಾಗ ಹುಡುಕಿ, ಎಲ್ಲಾರ ಮುಂದ ಬೈತೀನಿ ನೋಡು!"

ಗದಗಿನ ಪ್ಲಾಟ್‌ಫಾರ್ಮಿನಲ್ಲಿ ಬೀರಪ್ಪ ಕುರಿಗಳನ್ನು ಹಿಂದಿಟ್ಟುಕೊಂಡು ಸಿಕ್ಕಸಿಕ್ಕವರನ್ನು ಕೇಳುತ್ತ ತಿರುಗುವುದು ಗುಲ್ಜಾರಳ ಕಣ್ಣಿಗೆ ಕಟ್ಟಿತು. ಅಬ್ಬಾನ ಕಡೆ ನೋಡಿದಳು.

"ಊದು," ಅಂದರು.

ಗುಲ್ಜಾರ ತಿದಿ ಬಿಟ್ಟಳು.

"ಊದ ಅಂದ್ನೆಲಾ."

ಊದಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಕುಳಿತಳು. ಕೆಂಡಗಳಿಗೆ ಬೂದಿ ಕಟ್ಟಿತು. ಹೊಗೆ ತೆಳುವಾಗಿ ಅಬ್ಬಾನ ಮುಖ ಪೂರಾ ಕಾಣಿಸಿತು.

"ಗದಗಿಗಿ ಹೋಗಬ್ಯಾಡ, ಬೀರಪ್ಪಾ," ಅಂದರು ಅಬ್ಬಾ.

"ಯಾಕೋ?"

"ಅವ ಅಲ್ಲಿಲ್ಲ." ಕೈಯಲ್ಲಿದ್ದ ಅರಳೆಯನ್ನು ನೆಲಕ್ಕಿಟ್ಟರು. "ಜ್ವರಾ ಬಂದಿತ್ತು. ನಾನ... ನನ್ನ ಕೈಯಾರೆ ಮಣ್ಣ ಕೊಟ್ಟ ಬಂದೇನಿ."

ಬೀರಪ್ಪ ಕೋಲು ನೆಲಕ್ಕಿಟ್ಟು ಅವರ ಪಕ್ಕ ಕುಳಿತ.

ಅಬ್ಬಾ ಮಾತಾಡಿದರು. ಮೊದಲು ಚಳಿ ಬಂದದ್ದು, ಚಾಚಾ ಹಕೀಮರ ಔಷಧ ಉಗುಳಿ ಬೈಸಿಕೊಂಡದ್ದು, ಚಹಾ ಕೇಳಿದ್ದು, ತಾವು ಬೇಡವೆಂದು ಗದರಿದ್ದು. "ಕೊಡಬೇಕಿತ್ತೋ ಬೀರಪ್ಪಾ, ಒಂದ ಗುಟುಕು," ಅಂದರು. ದನಿ ಒಡೆಯಿತು. ಈಗ ಹೊಗೆ ಇರಲಿಲ್ಲ.

"ನನ್ನ ಕೊಡಾ ಆತೇನ್ಪಾ?" ದೂರದಿಂದ ಅಜ್ಜಿ ಕೂಗಿದಳು.

"ಇನ್ನಾ ಹೊತ್ತಾಕ್ಕೈತ್ರಿ, ಅಜ್ಜಿ," ಗುಲ್ಜಾರ ಎದ್ದು ಅಡ್ಡ ನಿಂತು ಹೇಳಿದಳು. "ಅಬ್ಬಾ ಮಾತಾಡಾಕತ್ತಾರ."

ಆಮೇಲೆ ಕಂಬಳಿಯ ಬೂದಿ ಝಾಡಿಸಿ, ಮಡಚಿ, ಬೀರಪ್ಪನ ತೊಡೆಯ ಮೇಲಿಟ್ಟಳು. ಅವನು ಅಬ್ಬಾನ ಮುಖದಿಂದ ಕಣ್ಣು ತೆಗೆಯದೆ, ಎರಡೂ ಕೈಯಿಂದ ಅದನ್ನು ಹಿಡಿದುಕೊಂಡ.