ಸೊಂಟಪಟ್ಟಿಯ ಬರೆ

ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಠಾಣೆಯ ಮೆಟ್ಟಿಲೇರಿ ಬಂದವರು ನಿವೃತ್ತ ಶಿಕ್ಷಕಿಯೊಬ್ಬರು ಮತ್ತು ಅವರ ತಮ್ಮ. ಹುಡುಗರಿಗೆ ಓಟ ಕಲಿಸುತ್ತಿದ್ದ ತಮ್ಮನನ್ನು ಊರೆಲ್ಲ ಓಟದ ಮೇಷ್ಟ್ರು ಎಂದೇ ಕರೆಯುತ್ತಿತ್ತು.

"ಏನು ಕಳುವಾಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ನಾಯಿ" ಎಂದರು ಶಿಕ್ಷಕಿ. "ಜೇನು ಅಂತ ಹೆಸರು."

ಇನ್‌ಸ್ಪೆಕ್ಟರರ ಲೇಖನಿ ಕ್ಷಣಕಾಲ ನಿಂತಿತು. ಹಿಂದೆ ಏಳು ವರ್ಷ ಅವರು ಪೊಲೀಸ್ ಶ್ವಾನದಳದಲ್ಲಿದ್ದವರು. ಆ ದಿನಗಳ ಮಾತನ್ನು ಅವರೆದುರು ಯಾರೂ ಎತ್ತುತ್ತಿರಲಿಲ್ಲ, ಎತ್ತಲು ಅವರು ಬಿಡುತ್ತಲೂ ಇರಲಿಲ್ಲ.

ಜೇನು ಚಿನೂಕ್ ತಳಿಯದು. ಹಿಮದಲ್ಲಿ ಬಂಡಿ ಎಳೆಯಲೆಂದು ಬೆಳೆಸಿದ, ಲೋಕದಲ್ಲಿ ಬಲು ಅಪರೂಪವಾಗಿ ಉಳಿದಿರುವ ತಳಿ. ಬರುವ ಭಾನುವಾರ ಗುಡ್ಡದ ದಾರಿಯಲ್ಲಿ ಶ್ವಾನ ಜೋಡಿ ಓಟವಿತ್ತು. ಓಟಗಾರನ ಸೊಂಟದ ಪಟ್ಟಿಯಿಂದ ನಾಯಿಯ ಎದೆಪಟ್ಟಿಗೆ ಹಗ್ಗ ಬಿಗಿದು ಇಬ್ಬರೂ ಒಟ್ಟಿಗೆ ಓಡಬೇಕು.

"ಯಾರು ಯಾರನ್ನ ಎಳೀತಾರೆ?" ದಫೇದಾರ ಕೇಳಿದ.

"ನಾಯಿ ಮುಂದೆ ಎಳ್ಕೊಂಡು ಹೋಗುತ್ತೆ, ನಾವು ಹಿಂದೆ" ಎಂದ ಮೇಷ್ಟ್ರು.

"ನಮ್ಮನೇಲೂ ಅಷ್ಟೇ. ಹಗ್ಗ ಮಾತ್ರ ಕಾಣಲ್ಲ."

ಮೇಷ್ಟ್ರು ನಗಲಿಲ್ಲ. ಹಿಂದಿನ ದಿನ, ಭಾನುವಾರ, ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ ಹಿತ್ತಿಲಿನಿಂದ ನಾಯಿ ಹೋಯಿತೆಂದ. ಅಕ್ಕ ಆಗ ಮನೆಯಲ್ಲಿರಲಿಲ್ಲ. ಎದುರು ಬದಿಯ ಇಸ್ತ್ರಿಯವನ ಮೇಲೆ ಅನುಮಾನವಿದೆ, ಬೊಗಳಿದರೆ ವಿಷ ಹಾಕುವೆನೆಂದು ಅವನು ಅಂದಿದ್ದ ಎಂದೂ ಸೇರಿಸಿದ. ಎಫ್‌ಐಆರ್ ದಾಖಲಾಯಿತು.

ಹನ್ನೊಂದು ಗಂಟೆಗೆ ಇಸ್ತ್ರಿಯವನನ್ನು ಕರೆತಂದರು.

"ವಿಷ ಹಾಕ್ತೀನಿ ಅಂದಿದ್ಯಾ?" ಇನ್‌ಸ್ಪೆಕ್ಟರ್ ಕೇಳಿದರು.

"ಅಂದಿದ್ದೆ ಸ್ವಾಮಿ. ನಿದ್ದೆ ಕೆಟ್ಟಾಗ ಬಾಯಿಗೆ ಬಂದದ್ದೆಲ್ಲ ಅಂತೀವಿ. ಬೆಳಿಗ್ಗೆ ಎದ್ದು ಅದರ ತಲೆ ಸವರಿದ್ದೂ ನಾನೇ."

"ಕೂತಿರು."

ಅವನು ಸಂಜೆ ಐದರವರೆಗೆ ಬೆಂಚಿನ ಮೇಲೆ ಕೂತ. ಶಾಲೆ ಬಿಟ್ಟು ಬರುತ್ತಿದ್ದ ಅವನ ಮಗಳು ಬಾಗಿಲಲ್ಲಿ ನಿಂತು ಅಪ್ಪನನ್ನು ನೋಡಿದಳು. ಅಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಇನ್‌ಸ್ಪೆಕ್ಟರ್ ಅದನ್ನು ಕಂಡರು, ಕಂಡೂ ಅವನನ್ನು ಬೆಂಚಿನಿಂದ ಏಳಿಸಲಿಲ್ಲ.

ಮಂಗಳವಾರ ಹತ್ತು ಗಂಟೆಗೆ ಇಬ್ಬರು ಪಂಚರ ಸಮಕ್ಷಮ ಹಿತ್ತಿಲಿನ ಪಂಚನಾಮೆ ನಡೆಯಿತು. ಚಿಲಕ ನೆಟ್ಟಗಿತ್ತು, ಬೇಲಿ ಮುರಿದಿರಲಿಲ್ಲ. ನೀರಿನ ಬೋಗುಣಿ ತುಂಬಿತ್ತು. ನಾಯಿಯ ಎದೆಪಟ್ಟಿ ಮಾತ್ರ ಕಾಣೆಯಾಗಿತ್ತು.

"ಕಳ್ಳ ಅದನ್ನೂ ಒಯ್ದ" ಎಂದ ಮೇಷ್ಟ್ರು.

"ನಿಮ್ಮ ಸೊಂಟದ ಪಟ್ಟಿ?" ಇನ್‌ಸ್ಪೆಕ್ಟರ್ ಕೇಳಿದರು.

ಎತ್ತರದ ಮೊಳೆಗೆ ತೂಗುಹಾಕಿದ್ದ ಪಟ್ಟಿಯನ್ನು ತೆಗೆಯಲು ಅವನು ತೋಳೆತ್ತಿದ. ಅಂಗಿ ಮೇಲೆ ಸರಿಯಿತು. ಹೊಕ್ಕುಳಿನ ಕೆಳಗೆ, ಒಂದು ಪಕ್ಕೆಯಿಂದ ಇನ್ನೊಂದು ಪಕ್ಕೆಯವರೆಗೆ, ನೀಲಿಗಟ್ಟಿದ ಬರೆ.

"ಓಡುವಾಗ ಹಗ್ಗ ನಿಮ್ಮನ್ನ ಎತ್ತ ಎಳೆಯುತ್ತೆ?"

"ಮುಂದಕ್ಕೆ."

"ಆಗ ಪಟ್ಟಿ ಒತ್ತೋದು?"

"ಬೆನ್ನಿಗೆ."

"ಹಾಗಾದ್ರೆ ಹೊಟ್ಟೆ ಮೇಲಿನ ಬರೆ ಹೇಗೆ ಬಂತು?"

ಮೇಷ್ಟ್ರ ಕೈ ತಾನಾಗಿ ಹೊಟ್ಟೆಯನ್ನು ಮುಚ್ಚಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಜೊತೆಗಿದ್ದ ದಫೇದಾರನಿಗೆ ನೆನಪಾಯಿತು.

"ನಾಯಿ ಹಿಂದೆ ಬಿದ್ದಿತ್ತು" ಎಂದರು ಇನ್‌ಸ್ಪೆಕ್ಟರ್ ಮೆಲ್ಲನೆ. "ನೀವು ಎಳೆದಿರಿ."

ಅವನು ಬಾಯಿಬಿಟ್ಟ. ಎಂಟು ಗಂಟೆಯ ಬಿಸಿಲೇರಿದ ಮೇಲೆ ಜೇನುವನ್ನು ಓಡಿಸಕೂಡದೆಂದು ಅಕ್ಕ ಕಟ್ಟಪ್ಪಣೆ ಮಾಡಿದ್ದರು. ಕಳೆದ ವರ್ಷ ಇದೇ ಓಟದಲ್ಲಿ ತನ್ನ ಶಿಷ್ಯರ ಕಣ್ಣೆದುರೇ ಕಡೆಯವನಾಗಿ ಬಂದಿದ್ದ ಅವನು ಭಾನುವಾರ ನಡುಹಗಲಿನಲ್ಲೇ ಗುಡ್ಡದ ಟಾರು ರಸ್ತೆಗೆ ಇಳಿದಿದ್ದ. ಎರಡನೆಯ ತಿರುವಿನಲ್ಲಿ ನಾಯಿ ಕುಳಿತುಬಿಟ್ಟಿತು.

"ಹಟ ಮಾಡ್ತಿದೆ ಅಂದ್ಕೊಂಡೆ ಸಾರ್. ಎಳೆದೆ. ತಿರುಗಿ ನೋಡಿದಾಗ ಮಲಗಿತ್ತು."

ನಾಯಿಯನ್ನು ಹೂತ ಜಾಗವನ್ನು ಅವನೇ ತೋರಿಸಿದ. ಹಳೆಯ ಕಲ್ಲುಗಣಿಯ ಅಂಚಿನ ಆ ಜಾಗದಲ್ಲಿ ಮಧ್ಯಾಹ್ನ ಒಂದೂವರೆಗೆ ಮಣ್ಣು ತೆಗೆಸಿ ಎರಡನೆಯ ಪಂಚನಾಮೆ ಬರೆದರು. ಜೇನು ಬಣ್ಣದ ಮೈಮೇಲೆ ಎದೆಪಟ್ಟಿ ಹಾಗೆಯೇ ಇತ್ತು. ಪಶುವೈದ್ಯರು ಅಂಗಾಲುಗಳನ್ನು ತಿರುವಿ ನೋಡಿದರು. "ಸುಟ್ಟಿವೆ. ಬಿಸಿಲಿನ ಆಘಾತ" ಎಂದರು.

ಇನ್‌ಸ್ಪೆಕ್ಟರ್ ಅತ್ತ ನೋಡಲಾರದೆ ನಿಂತರು. ಹನ್ನೆರಡು ವರ್ಷಗಳ ಹಿಂದೆ, ಮೇಲಧಿಕಾರಿಯ ಮೆಚ್ಚುಗೆಗೆಂದು ಇಂಥದೇ ಬಿಸಿಲಲ್ಲಿ ಅವರು ತಮ್ಮ ಶ್ವಾನವನ್ನು ಮೂರು ತಾಸು ಶೋಧಕ್ಕೆ ಬಿಟ್ಟಿದ್ದರು. ಅದು ಸತ್ತಾಗ ವರದಿಯಲ್ಲಿ 'ಆಹಾರದೋಷ' ಎಂದು ಬರೆದರು. ದಳದ ಅಡುಗೆಯವನ ಕೆಲಸ ಹೋಯಿತು. ಆತನೂ ವಿಚಾರಣೆಯ ದಿನ ಒಂದು ಬೆಂಚಿನ ಮೇಲೆ ಕೂತಿದ್ದ. ಬರೆಯ ಅರ್ಥ ತಮಗೆ ಅಷ್ಟು ಬೇಗ ಹೊಳೆದದ್ದು ಜಾಣ್ಮೆಯಿಂದಲ್ಲವೆಂದು ಅವರ ಅಂತರಂಗಕ್ಕೆ ತಿಳಿದಿತ್ತು.

ನಾಲ್ಕು ನಲವತ್ತಕ್ಕೆ, ಸುಳ್ಳು ದೂರು ಮತ್ತು ಪ್ರಾಣಿಹಿಂಸೆಯ ಆರೋಪದ ಮೇಲೆ ಓಟದ ಮೇಷ್ಟ್ರನ್ನು ಬಂಧಿಸಲಾಯಿತು. ಅಕ್ಕ ಠಾಣೆಗೆ ಬಂದು ಅವನೆದುರು ನಿಂತರು.

"ಸತ್ತುಹೋಯ್ತು ಅಂದಿದ್ರೆ ಬೈತಿದ್ದೆ. ಆಮೇಲೆ ಇಬ್ರೂ ಕೂತು ಅಳ್ತಿದ್ವಿ. ಪಾಪ, ಆ ಮನುಷ್ಯನ್ನ ಯಾಕೋ ಸಿಕ್ಕಿಸಿದೆ?"

"ನಿನ್ನ ಮುಖ ನೋಡೋಕಾಗ್ಲಿಲ್ಲ ಅಕ್ಕ."

"ಈಗ ನೋಡು."

ಅವನು ತಲೆ ಎತ್ತಲಿಲ್ಲ.

ಕೇಸ್ ಡೈರಿಯ ಕಡೆಯ ಸಾಲಿನಲ್ಲಿ ಇನ್‌ಸ್ಪೆಕ್ಟರ್ ಬರೆದರು: 'ಪ್ರೇರಣೆ: ದ್ವೇಷವಲ್ಲ, ಲಾಭವಲ್ಲ; ಲಜ್ಜೆ.' ಭಗವಂತನು ಲಜ್ಜೆಯನ್ನು ಕೊಟ್ಟದ್ದು ಪಾಪಕ್ಕೆ ಮುಂಚೆ ಕೈಹಿಡಿದು ನಿಲ್ಲಿಸಲೆಂದು. ತಡವಾಗಿ ಬಂದ ಲಜ್ಜೆ ಅಡಗಲು ಇನ್ನೊಬ್ಬನ ಬೆನ್ನನ್ನು ಹುಡುಕುತ್ತದೆ.

ಆರು ಗಂಟೆಗೆ ಅವರು ಇಸ್ತ್ರಿಯವನ ಗೂಡಿನ ಮುಂದೆ ಟೋಪಿ ತೆಗೆದು ನಿಂತರು.

"ತಪ್ಪಾಯ್ತು."

ಅವನು ಮಡಿಸುತ್ತಿದ್ದ ಅಂಗಿಯಿಂದ ಕೈ ತೆಗೆಯಲಿಲ್ಲ. "ನನಗೆ ಬೇಡ ಸ್ವಾಮಿ. ಮಗಳು ನೋಡಿದ್ಲು. ಅವಳಿಗೆ ಹೇಳಿ."

ಹುಡುಗಿ ಗೂಡಿನ ಹಿಂದೆ ಪಾಠ ಓದುತ್ತಿದ್ದಳು. ಇನ್‌ಸ್ಪೆಕ್ಟರ್ ಅವಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತರು. "ನಿಮ್ಮಪ್ಪ ಏನೂ ಮಾಡಿಲ್ಲಮ್ಮ. ಕೂರಿಸಿದ್ದು ನಾನು, ತಪ್ಪು ನಂದು."

ಠಾಣೆಗೆ ಮರಳಿ ದಫೇದಾರನಿಂದ ಬಿಳಿ ಹಾಳೆಯೊಂದನ್ನು ತರಿಸಿಕೊಂಡರು.

"ಯಾವ ಕೇಸಿಗೆ ಸಾರ್?"

"ಹಳೇದು" ಎಂದು ಹೇಳಿ, ಶ್ವಾನದಳದ ಆ ಅಡುಗೆಯವನು ನಿರಪರಾಧಿ ಎಂಬಲ್ಲಿಂದ ಬರೆಯತೊಡಗಿದರು.